ಹದಿನೆಂಟು ಸೆಕೆಂಡು

ಮನೆಯಲ್ಲಿ ಜಗಳ ಹತ್ತಿದಾಗಲೆಲ್ಲ ನಾನು ಒಂದು ಮಾತು ಹೇಳುತ್ತಿದ್ದೆ: "ಆ ಹಾಡು ಸರಿಯಾಗಿ ಐದು ನಿಮಿಷ. ಒಂದು ಸೆಕೆಂಡು ಹೆಚ್ಚಿಲ್ಲ, ಒಂದು ಸೆಕೆಂಡು ಕಮ್ಮಿಯಿಲ್ಲ. ಶಿಸ್ತು ಅಂದ್ರೆ ಅದು." ಜಗಳ ಬಚ್ಚಲಿನ ನಲ್ಲಿ ಸೋರುವುದರ ಬಗ್ಗೆಯೇ ಇರಲಿ, ಮಗಳು ತಡವಾಗಿ ಎದ್ದದ್ದರ ಬಗ್ಗೆಯೇ ಇರಲಿ, ಕೊನೆಗೆ ನಾನು ಬಂದು ನಿಲ್ಲುವುದು ಆ ಐದು ನಿಮಿಷಕ್ಕೇ. ಹೆಂಡತಿ ಆ ಹೊತ್ತಿಗೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಜೋಡಿಸುತ್ತಿದ್ದಳು.

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ವಯಸ್ಸು ಅರವತ್ತೆರಡು. ಬಟ್ಟೆ ಅಂಗಡಿಗಳ ಬೀದಿಯ ಕೊನೆಯಲ್ಲಿ, ಮೆಟ್ಟಿಲ ಕೆಳಗೆ, ತಲೆ ಬಗ್ಗಿಸಿಕೊಂಡೇ ಒಳಗೆ ಬರಬೇಕಾದ ನನ್ನ ಅಂಗಡಿಯಿದೆ. ಗೋಡೆಯ ಮೇಲೆ ಆ ಹಾಡು ಹಾಡಿದ ಬ್ಯಾಂಡಿನ ಐದು ಜನರ ಚಿತ್ರ. ಐವರಿಗೂ ಹೆಗಲ ತನಕ ಕೂದಲು, ಐವರ ಮುಖದಲ್ಲೂ ಲೋಕದ ಮೇಲೆ ಕೋಪ. ಬಿಸಿಲಿಗೆ ಬಣ್ಣ ಹೋಗಿ ಈಗ ಐವರೂ ಕಾಮಾಲೆ ರೋಗಿಗಳಂತೆ ಕಾಣುತ್ತಾರೆ. ನನಗೂ ಒಂದು ಕಾಲದಲ್ಲಿ ಹೆಗಲ ತನಕ ಕೂದಲಿತ್ತು. ಈಗ ಕೋಪ ಮಾತ್ರ ಉಳಿದಿದೆ.

ನಮ್ಮ ಮನೆಯಲ್ಲಿ ಅವರನ್ನು "ಐದು ಜನ" ಎಂದೇ ಕರೆಯುವುದು. ಮಗಳನ್ನು ತೊಟ್ಟಿಲಲ್ಲಿ ಮಲಗಿಸಿದ್ದು ಅವರ ಹಾಡಿಗೆ. ಅದೇ ಹಾಡನ್ನು ಗುನುಗಿ ಅವಳು ತನ್ನ ಮಗಳನ್ನು ಮಲಗಿಸಿದಳು. ಆ ಮೊಮ್ಮಗಳಿಗೆ ಈಗ ಹದಿನೈದು, ಅವಳೂ ಐದು ಜನರ ಭಕ್ತೆ. ಎರಡು ತಲೆಮಾರನ್ನು ಒಂದೇ ಹಾಡಿನಿಂದ ಸಾಕಿದವನು ನಾನು ಎಂದು ಸಿಕ್ಕಸಿಕ್ಕವರ ಮುಂದೆ ಜಂಬ ಕೊಚ್ಚಿದ್ದೇನೆ. ಗಿರಾಕಿಗಳು ಯಂತ್ರ ಸರಿಯಾಗುವ ತನಕ ಕೇಳಲೇಬೇಕಲ್ಲ, ಕೇಳಿದ್ದಾರೆ.

ಆ ಹಾಡು ನಮ್ಮ ಮನೆಗೆ ಬಂದದ್ದು ಅಣ್ಣನಿಂದ. ನನಗಿಂತ ನಾಲ್ಕು ವರ್ಷ ದೊಡ್ಡವನು. ಆಗ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ. ಮಹಡಿಯ ಮೇಲೆ ಯಜಮಾನರ ರೆಕಾರ್ಡ್ ಪ್ಲೇಯರಿತ್ತು. ಊಟದ ಬಿಡುವಿನಲ್ಲಿ ಅಣ್ಣ ಅಲ್ಲಿ ಕೂತು ಆ ರೆಕಾರ್ಡ್ ಕೇಳುತ್ತಿದ್ದ. ಒಂದು ದಿನ ಯಜಮಾನರ ಕೈಕಾಲು ಹಿಡಿದು ಅದನ್ನು ಒಂದು ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದು ನನ್ನ ಕೈಗಿಟ್ಟ. ನನ್ನ ಬಳಿ ಯಾರೋ ಎಸೆದಿದ್ದ ಹಳೆಯ ಟೇಪ್ ರೆಕಾರ್ಡರ್ ಇತ್ತು. ಮೋಟರಿನ ತುದಿಯಲ್ಲಿ ಬೆಲ್ಟು ಓಡಿಸುವ ಪುಟ್ಟ ಗಾಲಿ, ಅಂದರೆ ಪುಲ್ಲಿ, ಸೀಳಿಹೋಗಿ ಅದು ತಿರುಗುತ್ತಿರಲಿಲ್ಲ. ಇಪ್ಪತ್ತೊಂದರ ವಯಸ್ಸು, ಅರ ಹಿಡಿದರೆ ಲೋಕವನ್ನೇ ತಿದ್ದಬಲ್ಲೆ ಎನ್ನುವ ಹುಮ್ಮಸ್ಸು. ಹೊಲಿಗೆ ಯಂತ್ರದ ಬಾಬಿನ್ ಸುತ್ತುವ ಹಿತ್ತಾಳೆ ಚಕ್ರವೊಂದನ್ನು ಅರದಿಂದ ಉಜ್ಜಿ ಉಜ್ಜಿ ಹೊಸ ಪುಲ್ಲಿ ಮಾಡಿ ಕೂರಿಸಿದೆ. ಟೇಪು ತಿರುಗಿತು. ಐದು ಜನ ನಮ್ಮ ಮನೆಯೊಳಗೆ ಬಂದರು. ಆವತ್ತು ನಾನೂ ಅಣ್ಣನೂ ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಛಾವಣಿ ಕುಟ್ಟಿದ್ದರು.

ಆಮೇಲೆ ನಮ್ಮದೇ ಒಂದು ಬ್ಯಾಂಡು ಕಟ್ಟಿದೆವು. ಅಣ್ಣ ಡ್ರಮ್ಸ್, ನಾನು ಗಿಟಾರ್, ಇನ್ನಿಬ್ಬರು ಗೆಳೆಯರು. ನಾಯಕ ಯಾರೆಂದು ಯಾರೂ ಕೇಳಲಿಲ್ಲ, ನಾನೇ ಆದೆ. ಊರಿನ ಕಾರ್ಖಾನೆಯೊಂದರ ವಾರ್ಷಿಕೋತ್ಸವದಲ್ಲಿ ನುಡಿಸಬೇಕಿತ್ತು. ಅದಕ್ಕೆ ಎರಡು ದಿನ ಇರುವಾಗ ತಾಲೀಮು ನಿಲ್ಲಿಸಿ ಅಣ್ಣನಿಗೆ ಹೇಳಿದೆ, "ನೀನು ಎಳೀತಿದ್ದೀಯ. ನಿಧಾನ ಆಯ್ತು."

"ರೆಕಾರ್ಡಲ್ಲಿ ಹೀಗೇ ಇದೆ ಕಣೋ," ಎಂದ.

"ನೀನೇ ತಂದ ಕ್ಯಾಸೆಟ್ಟು ಇಲ್ಲಿದೆ. ಎಲ್ಲರೂ ಕೇಳಲಿ," ಎಂದು ಟೇಪು ಹಾಕಿದೆ. ಎಲ್ಲರೂ ಕೇಳಿದರು. ಅಣ್ಣನ ಕೈಗಿಂತ ಕ್ಯಾಸೆಟ್ಟು ಚುರುಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿಗೆ ಸುಮ್ಮನಾಗಿದ್ದರೆ ನಾನು ಮನುಷ್ಯನಾಗುತ್ತಿದ್ದೆ. "ನಿನ್ನ ಕೈಗೆ ಲಯವೇ ಇಲ್ಲ ಬಿಡು. ಇದು ನಿನ್ನಿಂದಾಗೋ ಕೆಲಸ ಅಲ್ಲ," ಎಂದುಬಿಟ್ಟೆ. ಅಣ್ಣ ಎರಡೂ ಕೋಲುಗಳನ್ನು ಡ್ರಮ್ಮಿನ ಮೇಲೆ ಸದ್ದಾಗದಂತೆ ಇಟ್ಟು ಹೊರಗೆ ಹೋದ. ಮರುವಾರ ಆ ಡ್ರಮ್ಸನ್ನು ಯಾವುದೋ ಸರ್ಕಸ್ಸಿನವರಿಗೆ ಕೊಟ್ಟನಂತೆ.

ನಲವತ್ತೊಂದು ವರ್ಷವಾಯಿತು. ನಾವು ಮಾತು ಬಿಟ್ಟಿಲ್ಲ. ಮದುವೆ, ಸಾವು, ಆಸ್ಪತ್ರೆ ಎಲ್ಲದಕ್ಕೂ ಸೇರುತ್ತೇವೆ. ರಕ್ತದೊತ್ತಡ ಎಷ್ಟಿದೆ ಎಂದು ಅವನು ಕೇಳುತ್ತಾನೆ, ಮಂಡಿ ನೋವು ಹೇಗಿದೆ ಎಂದು ನಾನು ಕೇಳುತ್ತೇನೆ. ಸಂಗೀತದ ಸುದ್ದಿ ಮಾತ್ರ ಇಬ್ಬರೂ ಎತ್ತುವುದಿಲ್ಲ. ನನಗೆ ಅಣ್ಣ ಬೇಕಾಗಿದ್ದ. ಆದರೆ ತಪ್ಪು ಅವನದು, ಅವನೇ ಬಂದು ಒಪ್ಪಿಕೊಳ್ಳಲಿ ಎಂದು ಕಾದು ಕೂತಿದ್ದೆ.

ಈ ನಡುವೆ ನನ್ನ ಕಿವಿಯ ಮೇಲೆ ನನಗಿದ್ದ ನಂಬಿಕೆ ಬೆಳೆಯುತ್ತಲೇ ಹೋಯಿತು. ಅಕ್ಕಪಕ್ಕದ ಮನೆಗಳ ಟೇಪುಗಳಲ್ಲಿ ಆ ಹಾಡು ಕೇಳಿದಾಗಲೆಲ್ಲ ಜೋಲುತ್ತಿತ್ತು. "ನಿಮ್ಮ ಮೋಟರ್ ದಣಿದಿದೆ," ಎಂದು ಹೇಳಿ, ಬೇಡವೆಂದರೂ ಬಿಡದೆ, ಆರು ಮನೆಯ ಟೇಪುಗಳಿಗೆ ನಾನೇ ಚಿಕಿತ್ಸೆ ಮಾಡಿ ನನ್ನದರ ವೇಗಕ್ಕೆ ತಂದಿದ್ದೆ. ಐವತ್ತನೇ ವಯಸ್ಸಿನಲ್ಲಿ ರೈಲು ಹತ್ತಿ ದೂರದ ಮೈದಾನವೊಂದಕ್ಕೆ ಹೋಗಿ ಐದು ಜನರನ್ನು ಕಣ್ಣಾರೆ ಕಂಡೆ. ಹಾಡು ಶುರುವಾಯಿತು, ಜೋಲಿತು. ಪಾಪ, ವಯಸ್ಸಾಯಿತು ಎಂದುಕೊಂಡೆ. ಅಷ್ಟಕ್ಕೇ ಬಿಡದೆ ಬೆಂಚಿನ ಮೇಲೆ ನಿಂತು, "ಬೇಗ! ಸ್ವಲ್ಪ ಬೇಗ!" ಎಂದು ಕಿರುಚಿದೆ. ಆ ಹಾಡನ್ನು ಹುಟ್ಟಿಸಿದವರಿಗೇ ಅದನ್ನು ಹೇಗೆ ಹಾಡಬೇಕೆಂದು ಹೇಳಿಕೊಟ್ಟು ಬಂದವನು ನಾನು. ಫೋನುಗಳಲ್ಲಿ ಹಾಡು ಬರತೊಡಗಿದಾಗ ಅದನ್ನೂ ಒಮ್ಮೆ ಕೇಳಿ, "ಸೋಮಾರಿ ಯಂತ್ರ," ಎಂದು ತೀರ್ಪು ಕೊಟ್ಟೆ.

ಹೋದ ತಿಂಗಳು ಮೊಮ್ಮಗಳು ಓಡಿ ಬಂದು ಹೇಳಿದಳು, "ತಾತಾ, ಲೈಬ್ರರಿ ಹಾಲಲ್ಲಿ ಮುಂದಿನ ವಾರದ ಭಾನುವಾರ ಮಧ್ಯಾಹ್ನ ನಮ್ಮ ಕಾರ್ಯಕ್ರಮ. ಆ ದೊಡ್ಡ ಹಾಡೇ ನುಡಿಸ್ತೀವಿ." ನಾಲ್ಕು ಹುಡುಗಿಯರ ಗುಂಪು. ಮೊಮ್ಮಗಳದು ಗಿಟಾರು. ಡ್ರಮ್ಸ್ ಬಾರಿಸುವವಳಿಗೆ ತಲೆ ತುಂಬ ಗುಂಗುರು ಕೂದಲು, ಎಲ್ಲರೂ ಅವಳನ್ನು ಗುಂಗುರು ಎಂದೇ ಕರೆಯುತ್ತಿದ್ದರು. ನನ್ನನ್ನು ಯಾರೂ ಕರೆದಿರಲಿಲ್ಲ. ಕರೆಯುವ ತನಕ ಕಾಯುವ ಅಭ್ಯಾಸ ನನಗಿಲ್ಲ, ಟೇಪ್ ರೆಕಾರ್ಡರನ್ನು ಕಂಕುಳಲ್ಲಿ ಇಟ್ಟುಕೊಂಡು ತಾಲೀಮಿಗೆ ಹೋದೆ.

ಎರಡು ಸಲ ಕೇಳಿದೆ, ಮೂರನೆಯ ಸಲಕ್ಕೆ ಎದ್ದು ನಿಂತೆ. "ಎಳೀತಿದ್ದೀಯಮ್ಮ. ನಿಧಾನ ಆಯ್ತು."

ಗುಂಗುರು ಕೋಲು ತಿರುಗಿಸುತ್ತಾ, "ಇಲ್ಲ ಅಂಕಲ್, ಸರಿಯಾಗೇ ಇದೆ," ಎಂದಳು.

"ಸರಿ ಯಾವುದು ಅಂತ ನನಗೆ ಹೇಳಿಕೊಡ್ತೀಯಾ? ನೀನು ಹುಟ್ಟೋಕೆ ಮುಂಚೆಯಿಂದ ಕೇಳ್ತಿದ್ದೀನಿ." ಟೇಪು ಹಾಕಿದೆ. ಹುಡುಗಿಯರು ಮುಖ ಮುಖ ನೋಡಿಕೊಂಡರು. ನಾನು ಮುಂದುವರಿದೆ, "ಲಯ ಅನ್ನೋದು ಎಲ್ಲರ ಕೈಗೂ ಬರಲ್ಲ, ತಪ್ಪು ತಿಳ್ಕೋಬೇಡ..."

ಅವಳು ಅಣ್ಣನಂತೆ ಸದ್ದಾಗದಂತೆ ಕೋಲು ಇಡಲಿಲ್ಲ. ಎರಡನ್ನೂ ನನ್ನ ಕಾಲ ಬುಡಕ್ಕೆ ಎಸೆದು, "ಹಾಗಾದ್ರೆ ನೀವೇ ಬಾರಿಸಿ," ಎಂದು ಕಣ್ಣು ಒರೆಸಿಕೊಳ್ಳುತ್ತಾ ಹೊರಟೇಹೋದಳು. ಕಾರ್ಯಕ್ರಮಕ್ಕೆ ಹತ್ತು ದಿನವಿತ್ತು. ಮೊಮ್ಮಗಳು ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಮರುದಿನ ಬೆಳಗ್ಗೆ ಅವಳು ಅಂಗಡಿಗೆ ಬಂದಳು. ಒಂದು ಕೈಯಲ್ಲಿ ಗಿಟಾರು, ಇನ್ನೊಂದರಲ್ಲಿ ಫೋನು. ಮುಖ ನೋಡಿದರೆ ವಕೀಲೆ.

"ತಾತಾ, ನಿನ್ನ ಟೇಪಿಗೆ ತಂತಿ ಹೊಂದಿಸಿದ್ರೆ ಲೋಕದಲ್ಲಿ ಬೇರೆ ಯಾವುದಕ್ಕೂ ಗಿಟಾರು ಹೊಂದಲ್ಲ. ಅರ್ಧ ಸ್ವರ ಮೇಲಕ್ಕೆ ಹೋಗಿಬಿಡುತ್ತೆ. ಯಾಕೆ?"

"ಲೋಕ ಕೆಳಗಿದೆ," ಎಂದೆ.

"ಸರಿ, ಒಂದು ಪರೀಕ್ಷೆ." ಫೋನನ್ನೂ ಟೇಪನ್ನೂ ಅಕ್ಕಪಕ್ಕ ಇಟ್ಟು, ಒಂದು ಎರಡು ಮೂರು ಎಂದು ಎಣಿಸಿ, ಎರಡರಲ್ಲೂ ಹಾಡನ್ನು ಒಟ್ಟಿಗೇ ಶುರು ಮಾಡಿದಳು. ಮೊದಲ ಸಾಲಿಗೇ ನನ್ನ ಟೇಪು ಮುಂದಾಯಿತು. ಎರಡನೆಯ ಚರಣದ ಹೊತ್ತಿಗೆ ಅಂಗಡಿಯಲ್ಲಿ ಹತ್ತು ಜನ ಕೂಗಾಡುತ್ತಿದ್ದರು. ಸರಿಯಾಗಿ ಐದು ನಿಮಿಷಕ್ಕೆ ನನ್ನ ಟೇಪಿನವರು ಮುಗಿಸಿದರು. ಫೋನಿನವರು ಇನ್ನೂ ಹಾಡುತ್ತಿದ್ದರು. ಇಬ್ಬರೂ ಗಡಿಯಾರ ನೋಡುತ್ತಾ ಕೂತೆವು. ಅವರು ಮುಗಿಸಿದ್ದು ಹದಿನೆಂಟು ಸೆಕೆಂಡು ಕಳೆದ ಮೇಲೆ.

"ಫೋನು ನಿಧಾನ," ಎಂದೆ. ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಫೋನು ನಿಧಾನ, ಗುಂಗುರು ನಿಧಾನ, ಪಕ್ಕದ ಮನೆಯ ಟೇಪು ನಿಧಾನ, ಆ ಐದು ಜನರೂ ನಿಧಾನ. ನಿಂದೊಂದೇ ಸರಿನಾ ತಾತಾ?"

ಹೌದು ಎನ್ನಲು ಬಾಯಿ ತೆರೆದೆ. ನಲವತ್ತು ವರ್ಷದ ಅಭ್ಯಾಸ, ಅಷ್ಟು ಸುಲಭಕ್ಕೆ ಬಾಯಿ ಮುಚ್ಚುವುದಿಲ್ಲ. ಆದರೆ ಕೈ ಆಗಲೇ ಸ್ಕ್ರೂ ಡ್ರೈವರ್ ಹುಡುಕುತ್ತಿತ್ತು.

ಟೇಪಿನ ಬೆನ್ನು ಬಿಚ್ಚಿದೆ. ನನ್ನ ಹಿತ್ತಾಳೆ ಪುಲ್ಲಿ ಮಿರಮಿರನೆ ಹೊಳೆಯುತ್ತಾ ಕೂತಿತ್ತು. ನಾನು ಏನನ್ನೂ ಎಸೆಯುವವನಲ್ಲ, ಹೆಂಡತಿ ಇದಕ್ಕಾಗಿ ನನ್ನನ್ನು ಬೈಯದ ದಿನವಿಲ್ಲ. ಹಳೆಯ ಗುಂಡಿಗಳ ಡಬ್ಬಿಯ ತಳದಲ್ಲಿ ಆ ಸೀಳಿದ ಪುಲ್ಲಿಯೂ ಇತ್ತು. ಎರಡನ್ನೂ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರಿನ ನಡುವೆ ಹಿಡಿದೆ. ಹಳೆಯದು ಹತ್ತು ಮಿಲಿಮೀಟರ್. ನನ್ನದು ಹತ್ತು ಪಾಯಿಂಟ್ ಆರು. ಪುಲ್ಲಿ ದಪ್ಪವಾದರೆ ಟೇಪು ಬೇಗ ಓಡುತ್ತದೆ, ಇದು ಯಾವ ಮೆಕ್ಯಾನಿಕ್ಕಿಗೂ ಗೊತ್ತು. ಇಪ್ಪತ್ತೊಂದರಲ್ಲಿ ಅರ ಉಜ್ಜಿ ಉಜ್ಜಿ ಕೈ ನೋವು ಬಂದು, ಇಷ್ಟು ಸಾಕು ಎಂದು ನಿಲ್ಲಿಸಿದ್ದು ನೆನಪಾಯಿತು. ಇನ್ನು ಕಾಲು ಗಂಟೆ ಉಜ್ಜಿದ್ದರೆ ಸರಿಹೋಗುತ್ತಿತ್ತು.

ಎರಡನೆಯ ಸಲ ಅಳೆದೆ. ಮೂರನೆಯ ಸಲವೂ ಅಳೆದೆ. ನನ್ನ ಜೊತೆ ಎಲ್ಲರೂ ಸುಳ್ಳು ಹೇಳಬಹುದು, ನಾನೂ ಹೇಳಿಕೊಳ್ಳಬಹುದು, ಆ ಕ್ಯಾಲಿಪರ್ ಮಾತ್ರ ಹೇಳುವುದಿಲ್ಲ. ಮೊಮ್ಮಗಳು ಗೆದ್ದ ಖುಷಿಯಲ್ಲಿ ನಗುತ್ತಿದ್ದಳು. ನನ್ನ ಮುಖ ನೋಡಿ ನಗು ನಿಲ್ಲಿಸಿ, "ಪರವಾಗಿಲ್ಲ ಬಿಡು ತಾತಾ, ಬರೀ ಹದಿನೆಂಟು ಸೆಕೆಂಡು," ಎಂದಳು.

ನಾನು ಆಗ ಯೋಚಿಸುತ್ತಿದ್ದದ್ದು ಡ್ರಮ್ಮಿನ ಮೇಲೆ ಸದ್ದಿಲ್ಲದೆ ಇಟ್ಟ ಎರಡು ಕೋಲುಗಳ ಬಗ್ಗೆ. ಅಣ್ಣ ಸರಿಯಿದ್ದ. ಒಂದು ಸೆಕೆಂಡು ಹೆಚ್ಚಿಲ್ಲದೆ, ಒಂದು ಸೆಕೆಂಡು ಕಮ್ಮಿಯಿಲ್ಲದೆ ಸರಿಯಿದ್ದ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. "ಅಂದ್ರೆ ನನ್ನ ತಮ್ಮ ಅವನ ಮೆಷೀನಲ್ಲಿ ರೆಕಾರ್ಡ್ ಮಾಡಿದ ನಮ್ಮ ಮದುವೆ ಕ್ಯಾಸೆಟ್ಟು?"

"ನಮ್ಮ ಟೇಪಲ್ಲಿ ಅದೂ ಬೇಗ ಓಡಿರುತ್ತೆ."

"ನನ್ನ ದನಿ ಕೀರಲು ಕೀರಲು ಅಂತ ಇಷ್ಟು ವರ್ಷ ಆಡಿಕೊಂಡ್ರಲ್ಲ! ನನ್ನ ದನಿ ಹಾಗಿಲ್ಲ ಅಂತ ಎಷ್ಟು ಸಲ ಬಡ್ಕೊಂಡೆ!" ಅವಳು ಆವತ್ತು ಸಂಜೆಯ ತನಕ ಎಲ್ಲ ಮಾತುಗಳನ್ನೂ ಬೇಕೆಂದೇ ದಪ್ಪ ದನಿಯಲ್ಲಿ ಆಡಿದಳು. ಆಮೇಲೆ ತಾನಾಗಿಯೇ ಹೇಳಿದಳು, "ನನಗೆ ಕ್ಷಮೆ ಆಮೇಲೆ ಕೇಳಿ. ಮೊದಲು ನಿಮ್ಮ ಅಣ್ಣನ ಮನೆಗೆ ಹೋಗಿ ಬನ್ನಿ."

ಅಷ್ಟು ಸುಲಭವಾಗಿದ್ದರೆ! ಎರಡು ದಿನ ಏನೇನೋ ನೆಪ ಹುಡುಕಿದೆ. ಅಣ್ಣನಿಗೆ ಈಗ ಮರೆತೇಹೋಗಿರುತ್ತದೆ, ಸುಮ್ಮನೆ ಯಾಕೆ ಗಾಯ ಕೆದಕುವುದು ಎಂದು ನನಗೆ ನಾನೇ ಉಪದೇಶ ಮಾಡಿಕೊಂಡೆ. ಅವನಿಗೆ ಅರವತ್ತಾರು. ಹೇಳದೆ ಬಿಟ್ಟರೆ ಅವನು ತಪ್ಪಿತಸ್ಥನಾಗಿಯೇ ಉಳಿಯುತ್ತಾನೆ, ನಾನು ಪಂಡಿತನಾಗಿಯೇ ಉಳಿಯುತ್ತೇನೆ. ಮೂರನೆಯ ದಿನ ಎರಡೂ ಪುಲ್ಲಿಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೊರಟೆ.

ಅಚ್ಚುಕೂಟ ಮುಚ್ಚಿದ ಮೇಲೆ ಅಣ್ಣ ಮನೆಯಲ್ಲೇ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾನೆ. ಕಿಟಕಿಯ ಪಕ್ಕ ಉದ್ದನೆಯ ಮೇಜು, ಅಂಟಿನ ವಾಸನೆ, ಭಾರ ಹೇರಿಟ್ಟ ರಟ್ಟುಗಳು. ಯಾವುದೋ ಶಾಲೆಯ ಹರಿದ ನಿಘಂಟೊಂದನ್ನು ದಪ್ಪ ಸೂಜಿಯಲ್ಲಿ ಹೊಲಿಯುತ್ತಿದ್ದ. ಅತ್ತಿಗೆ ಬಾಗಿಲು ತೆರೆದು, "ಏನಪ್ಪಾ, ಯಾರಿಗೇನಾಯ್ತು?" ಎಂದು ಗಾಬರಿಯಾದರು. ಏನೂ ಆಗದೆ ನಾನು ಆ ಮನೆಗೆ ಹೋದದ್ದೇ ಇಲ್ಲ ಎಂದು ಆಗ ಹೊಳೆಯಿತು.

"ಬಿಪಿ ಹೇಗಿದೆ?" ಎಂದ ಅಣ್ಣ.

ನಾನು ಬೆಂಕಿಪೊಟ್ಟಣ ತೆರೆದು ಎರಡೂ ಪುಲ್ಲಿಗಳನ್ನು ನಿಘಂಟಿನ ಪಕ್ಕ ಇಟ್ಟೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಭಾಷಣ ಮರೆತುಹೋಗಿತ್ತು. "ಟೇಪು ಬೇಗ ಓಡ್ತಿತ್ತು ಅಣ್ಣ. ಪುಲ್ಲಿ ದಪ್ಪ ಆಗಿತ್ತು. ನಾನೇ ಮಾಡಿದ್ದು. ನೀನು ಸರಿಯಾಗೇ ಬಾರಿಸ್ತಿದ್ದೆ."

ಯಾವ ಟೇಪು, ಏನು ಬಾರಿಸಿದ್ದು ಎಂದು ಅವನು ಕೇಳಲಿಲ್ಲ. ಮರೆತಿರುತ್ತಾನೆ ಎಂದುಕೊಂಡಿದ್ದೆನಲ್ಲ, ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಸೂಜಿಯನ್ನು ಪುಟಗಳ ನಡುವೆ ಚುಚ್ಚಿ ನಿಲ್ಲಿಸಿ, ಕನ್ನಡಕ ಏರಿಸಿ, ಪುಲ್ಲಿಗಳನ್ನು ಒಂದೊಂದಾಗಿ ಎತ್ತಿ ನೋಡಿದ.

"ಯಾವುದು ನಿಂದು?"

"ದಪ್ಪಗಿರೋದು."

"ಅದೇ ಇರ್ಬೇಕು," ಎಂದ.

ನಾನು ನಗಬೇಕೋ ಬೇಡವೋ ಎಂದು ಕಾದೆ. ಅವನು ನಗಲಿಲ್ಲ. ಪುಲ್ಲಿಯನ್ನು ಬೆರಳ ನಡುವೆ ತಿರುಗಿಸುತ್ತಲೇ ಇದ್ದ. ಆಮೇಲೆ ಹೇಳಿದ, "ನಾನು ನಂಬಿಬಿಟ್ಟೆ ಕಣೋ."

"ಏನನ್ನ?"

"ನನ್ನ ಕೈಗೆ ಲಯ ಇಲ್ಲ ಅಂತ. ನಾನೇ ತಂದ ಕ್ಯಾಸೆಟ್ಟು ಹಾಕಿ ತೋರಿಸಿದೆಯಲ್ಲ, ಇನ್ನೇನು ಹೇಳ್ಲಿ? ಆಮೇಲೆ ಆ ಹಾಡು ಕೇಳೋಕೇ ಹೋಗಲಿಲ್ಲ. ಅಂಗಡೀಲಿ ಎಲ್ಲಾದ್ರೂ ಬಂದ್ರೆ ಎದ್ದು ಹೊರಗೆ ಹೋಗ್ತಿದ್ದೆ. ನಿನ್ನ ಮಗಳ ಮದುವೇಲಿ ಎಲ್ಲರೂ ಹಾಡಿಗೆ ಚಪ್ಪಾಳೆ ತಟ್ತಿದ್ರಲ್ಲ, ನಾನು ಜೇಬಿಂದ ಕೈ ತೆಗೀಲಿಲ್ಲ. ತಾಳ ತಪ್ಪಿದ್ರೆ ಎಲ್ಲರ ಮುಂದೆ ನೀನೇನಂತೀಯೋ ಅಂತ."

ಆ ಮದುವೆಯಲ್ಲಿ ಅಣ್ಣ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತದ್ದು ನನಗೂ ನೆನಪಿತ್ತು. ಅವನಿಗೆ ಅಹಂಕಾರ ಎಂದು ಇಷ್ಟು ವರ್ಷ ಹೆಂಡತಿಯ ಮುಂದೆ, ಮಗಳ ಮುಂದೆ, ಗಿರಾಕಿಗಳ ಮುಂದೆ ಹೇಳಿಕೊಂಡು ಬಂದಿದ್ದೆ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ನಾನು ಅವನ ಮೇಲೆ ಕೋಪ ಮಾಡಿಕೊಂಡು ಹಾಯಾಗಿದ್ದೆ, ಅವನು ತನ್ನ ಕೈಗಳನ್ನೇ ಬಚ್ಚಿಟ್ಟುಕೊಂಡು ಬದುಕಿದ್ದ.

"ತಪ್ಪಾಯ್ತು ಅಣ್ಣ," ಎಂದೆ. ನನ್ನ ಬಾಯಿಂದ ಆ ಮಾತು ಎಷ್ಟು ಅಪರೂಪವೆಂದರೆ ಅತ್ತಿಗೆ ಒಳಗಿನಿಂದ ಇಣುಕಿ ನೋಡಿದರು.

ಅಣ್ಣ ಸೂಜಿ ಕೈಗೆತ್ತಿಕೊಂಡ. "ಇವೆರಡನ್ನೂ ಇಲ್ಲೇ ಬಿಟ್ಟು ಹೋಗು," ಎಂದ. ಭಾನುವಾರ ಲೈಬ್ರರಿ ಹಾಲಿನಲ್ಲಿ ಮೊಮ್ಮಗಳ ಕಾರ್ಯಕ್ರಮ ಇದೆ, ಅದೇ ಹಾಡು ಎಂದು ಹೇಳಿದೆ. ನೋಡೋಣ ಎಂದೂ ಅನ್ನಲಿಲ್ಲ, ಬರಲ್ಲ ಎಂದೂ ಅನ್ನಲಿಲ್ಲ.

ಗುಂಗುರುವಿನ ಮನೆಗೂ ಹೋದೆ. ಅವಳು ಬಾಗಿಲಲ್ಲೇ ನಿಲ್ಲಿಸಿಕೊಂಡು ಪೂರ್ತಿ ಕೇಳಿದಳು. ಆಮೇಲೆ ಷರತ್ತು ಹಾಕಿದಳು: "ಕೊನೇ ಸಾಲಲ್ಲಿ ಕೂತ್ಕೋಬೇಕು. ಕಾಲು ಕುಟ್ಟಬಾರದು. ಹಾಡು ಪೂರ್ತಿ ಮುಗಿಯೋ ತನಕ ಚಪ್ಪಾಳೆ ಹೊಡೀಬಾರದು." ಮೂರಕ್ಕೂ ಒಪ್ಪಿಕೊಂಡೆ. ನಾನು ಪುಲ್ಲಿಯನ್ನು ಅಳೆದದ್ದಕ್ಕಿಂತ ಸರಿಯಾಗಿ ಆ ಹದಿನೈದು ವರ್ಷದ ಹುಡುಗಿ ನನ್ನನ್ನು ಅಳೆದಿದ್ದಳು.

ಭಾನುವಾರ ಮಧ್ಯಾಹ್ನ ಲೈಬ್ರರಿ ಹಾಲು ಮುಕ್ಕಾಲು ತುಂಬಿತ್ತು. ಹೆಂಡತಿ, ಮಗಳು ಮುಂದಿನ ಸಾಲಿನಲ್ಲಿ ಕೂತರು. ನಾನು ಕೊನೆಯ ಸಾಲಿನಲ್ಲಿ, ಗೋಡೆ ಗಡಿಯಾರದ ಎದುರಿಗೆ. ಪಕ್ಕದ ಕುರ್ಚಿಯ ಮೇಲೆ ನನ್ನ ಚೀಲ ಇಟ್ಟಿದ್ದೆ. ಯಾರೋ ಇಬ್ಬರು ಬಂದು ಖಾಲಿಯಿದೆಯಾ ಎಂದು ಕೇಳಿದರು, ಇಲ್ಲ ಎಂದೆ. ಹುಡುಗಿಯರು ವೇದಿಕೆಗೆ ಬಂದರು. ಆ ಕುರ್ಚಿಯ ಮೇಲೆ ಇನ್ನೂ ಚೀಲವೇ ಇತ್ತು. ಗುಂಗುರು ಕೋಲುಗಳನ್ನು ಎತ್ತಿದಾಗ ಅಂಟಿನ ವಾಸನೆ ಬಂತು. ಯಾರೋ ನನ್ನ ಚೀಲವನ್ನು ನನ್ನ ತೊಡೆಯ ಮೇಲಿಟ್ಟು ಕೂತರು. ತಿರುಗಿ ನೋಡಿದೆ, ಅಣ್ಣ. ಎರಡೂ ಕೈ ಜೇಬಿನಲ್ಲಿದ್ದವು.

ಹಾಡು ಶುರುವಾಯಿತು. ಆ ಹುಡುಗಿ ನಿಧಾನವಾಗಿ ಬಾರಿಸಿದಳು ಎಂದು ಬರೆಯಲು ಈಗಲೂ ಕೈ ತುಡಿಯುತ್ತದೆ. ಸರಿಯಾಗಿ ಬಾರಿಸಿದಳು. ನನ್ನ ಮೈಯೊಳಗಿನ ಹಾಡು ಮಾತ್ರ ರೈಲು ತಪ್ಪೀತೆಂದು ಹೆದರಿದವನಂತೆ ಮುಂದೆ ಮುಂದೆ ಓಡುತ್ತಿತ್ತು. ಕಾಲು ಕುಟ್ಟದಂತೆ ಒಂದು ಪಾದವನ್ನು ಇನ್ನೊಂದರಿಂದ ಒತ್ತಿ ಹಿಡಿದುಕೊಂಡೆ. ಎರಡನೆಯ ಚರಣ ಮುಗಿಯುವ ಹೊತ್ತಿಗೆ ಪಕ್ಕದಲ್ಲಿ ಟಕ್ ಟಕ್ ಎಂದು ಸಣ್ಣ ಸದ್ದು. ಅಣ್ಣನ ಒಂದು ಕೈ ಹೊರಗೆ ಬಂದಿತ್ತು, ಮುಂದಿನ ಕುರ್ಚಿಯ ಬೆನ್ನಿನ ಮೇಲೆ ಎರಡು ಬೆರಳು ಆಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈಯೂ ಬಂತು. ವೇದಿಕೆಯ ಮೇಲಿನ ಡ್ರಮ್ಮಿಗೂ ಆ ಬೆರಳುಗಳಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಗೋಡೆ ಗಡಿಯಾರದಲ್ಲಿ ಐದು ನಿಮಿಷವಾಯಿತು. ನಲವತ್ತು ವರ್ಷದಿಂದ ಆ ಹಾಡು ನನ್ನೊಳಗೆ ಮುಗಿಯುವುದು ಅಲ್ಲಿಗೇ. ನನಗೆ ಅರಿವಿಲ್ಲದೆ ಚಪ್ಪಾಳೆ ತಟ್ಟಲು ಕೈ ಎತ್ತಿಕೊಂಡು ಅರ್ಧ ಎದ್ದುಬಿಟ್ಟಿದ್ದೆ. ವೇದಿಕೆಯ ಮೇಲಿಂದ ಗುಂಗುರು ನನ್ನನ್ನೇ ದುರುಗುಟ್ಟಿ ನೋಡಿದಳು.

ಅಣ್ಣ ನನ್ನ ಅಂಗಿಯ ಚುಂಗು ಹಿಡಿದು ಕೆಳಗೆ ಜಗ್ಗಿದ. "ಕೂತ್ಕೊಳ್ಳೋ. ಇನ್ನೂ ಹದಿನೆಂಟು ಸೆಕೆಂಡು ಇದೆ."

ಸೆಕೆಂಡಿನ ಲೆಕ್ಕ ನಾನು ಅವನಿಗೆ ಹೇಳಿರಲಿಲ್ಲ. ಪುಲ್ಲಿಗಳನ್ನು ಅಳೆದು ಲೆಕ್ಕ ಹಾಕಿದ್ದನೋ, ಇಷ್ಟು ವರ್ಷದ ಮೇಲೆ ಆ ಹಾಡನ್ನು ಹುಡುಕಿ ಕೇಳಿದ್ದನೋ ನನಗೆ ಗೊತ್ತಿಲ್ಲ. ಕೇಳೋಣವೆಂದು ಬಾಯಿ ತೆರೆದವನು ಮುಚ್ಚಿಕೊಂಡು ಕೂತೆ. ಅವನು ಮತ್ತೆ ಕುರ್ಚಿಯ ಬೆನ್ನಿನ ಮೇಲೆ ಬಾರಿಸತೊಡಗಿದ್ದ.